ಎರಡು ಬಾಗಿಲಿನ ಗುಡಾರ

ಗುಡಾರದೊಳಗೆ ಬರುವುದಕ್ಕೆ ಒಂದು ದಾರಿ, ಹೊರಗೆ ಹೋಗುವುದಕ್ಕೆ ಎರಡು ಬಾಗಿಲು. ಭಾರತೀಯ ಸಿಪಾಯಿಗಳು ಒಬ್ಬ ಚೀನೀ ಯುದ್ಧಕೈದಿಯನ್ನು ತೋಳು ಹಿಡಿದು ಒಳಕ್ಕೆ ಕರೆತಂದು ಕೂರಿಸುತ್ತಾರೆ. ಎದುರಿನ ಮೇಜಿನ ಹಿಂದೆ ಅವನದೇ ದೇಶದ ಸೇನೆಯವರು. ಪಕ್ಕದಲ್ಲಿ ಐದು ತಟಸ್ಥ ದೇಶಗಳ ಪ್ರತಿನಿಧಿಗಳು, ದುಭಾಷಿಗಳು, ಅಮೆರಿಕದ ನೇತೃತ್ವದ ವಿಶ್ವಸಂಸ್ಥೆಯ ಸೇನೆಯ ಕಡೆಯ ವೀಕ್ಷಕರು. ಚೀನೀ ಅಧಿಕಾರಿ ಸಮಾಧಾನದ ದನಿಯಲ್ಲಿ ಮಾತು ಶುರು ಮಾಡುತ್ತಾನೆ. ಊರಿಗೆ ಬಾ, ಮನೆಯವರು ಕಾಯುತ್ತಿದ್ದಾರೆ, ನಿನಗೆ ಯಾವ ಶಿಕ್ಷೆಯೂ ಆಗುವುದಿಲ್ಲ ಎನ್ನುತ್ತಾನೆ. ಕೈದಿ ಕೇಳಿಸಿಕೊಳ್ಳುವುದಿಲ್ಲ. ಕಿರುಚುತ್ತಾನೆ, ಉಗುಳುತ್ತಾನೆ, ಮೇಜಿನ ಮೇಲೆ ಎರಗಲು ನೋಡುತ್ತಾನೆ. ಸಿಪಾಯಿಗಳು ಅವನನ್ನು ಅದುಮಿ ಹಿಡಿಯುತ್ತಾರೆ. ಮಾತು ಮುಗಿದ ಮೇಲೆ ಅವನೇ ಎದ್ದು ಎರಡರಲ್ಲಿ ಒಂದು ಬಾಗಿಲು ಹಿಡಿಯಬೇಕು. ಒಂದು ಹೆತ್ತವರಿರುವ ಚೀನಾಕ್ಕೆ. ಇನ್ನೊಂದು ಮುಳ್ಳುತಂತಿಯ ಶಿಬಿರಕ್ಕೆ, ಅಲ್ಲಿಂದ ಮುಂದೆ ತೈವಾನಿಗೆ.

ಇದು 1953ರ ಅಕ್ಟೋಬರ್ 15ರಂದು, ಕೊರಿಯಾದ ಪಾನ್‌ಮುನ್‌ಜೊಮ್ ಹತ್ತಿರ ಶುರುವಾದ ವ್ಯವಹಾರ. ಅಮೆರಿಕ, ಚೀನಾ, ಎರಡೂ ಕೊರಿಯಾಗಳು ಈ ಗುಡಾರಗಳ ಕಡೆಗೇ ಕಣ್ಣು ನೆಟ್ಟಿದ್ದವು. ಇಡೀ ವ್ಯವಹಾರದ ಹೊಣೆ ಹೊತ್ತು ಕೂತಿದ್ದವರು ನಮ್ಮ ಮಡಿಕೇರಿಯವರು: ಲೆಫ್ಟಿನೆಂಟ್ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ.

ತಿಮ್ಮಯ್ಯ ಎಂದರೆ ನಮಗೆ ನೆನಪಾಗುವುದು ಕಾಶ್ಮೀರದ ಜೋಜಿಲಾ ಕಣಿವೆ, ಇಲ್ಲವೇ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆಗಿನ ಜಗಳ. ಕೊರಿಯಾ ನೆನಪಾಗುವುದು ಕಡಿಮೆ. ನನಗೆ ಮಾತ್ರ ಅವರ ಬದುಕಿನ ಅತ್ಯಂತ ಕಠಿಣ ಕಾಲ ಆ ಆರು ತಿಂಗಳೇ ಅನ್ನಿಸುತ್ತದೆ. ಯುದ್ಧದಲ್ಲಿ ಸೇನಾಧಿಕಾರಿಗೆ ಶತ್ರು ಯಾರೆಂದು ಗೊತ್ತಿರುತ್ತದೆ. ಕೊರಿಯಾದಲ್ಲಿ ಅವರ ಕೈಯಲ್ಲಿ ಆರು ಸಾವಿರದಷ್ಟು ಸೈನಿಕರಿದ್ದರು, ಶತ್ರು ಮಾತ್ರ ಯಾರೂ ಇರಲಿಲ್ಲ. ಬಲ ಇತ್ತು, ಬಳಸುವಂತಿರಲಿಲ್ಲ.

ಇಷ್ಟಕ್ಕೂ ಕೈದಿಗಳನ್ನು ಮನೆಗೆ ಕಳಿಸುವುದು ಇಷ್ಟು ಕಷ್ಟವಾದದ್ದು ಏಕೆ? 1949ರ ಜಿನೀವಾ ಒಪ್ಪಂದದ ಪ್ರಕಾರ ಕಾದಾಟ ನಿಂತ ಕೂಡಲೇ ಯುದ್ಧಕೈದಿಗಳನ್ನು ಬಿಡುಗಡೆ ಮಾಡಿ ಅವರವರ ದೇಶಕ್ಕೆ ಕಳಿಸಬೇಕು. ತಮ್ಮ ಊರಿಗೆ ಮರಳಲು ಒಲ್ಲದ ಸಾವಿರಾರು ಕೈದಿಗಳು ಇರಬಹುದೆಂದು ಆ ಒಪ್ಪಂದ ಬರೆದವರು ಎಣಿಸಿರಲಿಲ್ಲ. ಕೊರಿಯಾದಲ್ಲಿ ಆದದ್ದು ಅದೇ. ಸೆರೆಸಿಕ್ಕ ಚೀನೀ ಸೈನಿಕರಲ್ಲಿ ಬಹಳಷ್ಟು ಜನ ಹಿಂದೆ, ಕಮ್ಯುನಿಸ್ಟರಿಗೆ ಸೋತು ತೈವಾನಿಗೆ ಹೋದ ಚಿಯಾಂಗ್ ಕೈ ಷೇಕ್ ಸೇನೆಯಲ್ಲಿದ್ದವರು. ಕಮ್ಯುನಿಸ್ಟರು ಗೆದ್ದ ಮೇಲೆ ಸಮವಸ್ತ್ರ ಬದಲಿಸಿದ್ದರು, ಅಷ್ಟೆ. ಅಮೆರಿಕನ್ನರ ಶಿಬಿರದಲ್ಲಿ ಇವರೇ ಕೆಲವರು ನಾಯಕರಾದರು. ಅನೇಕ ಕೈದಿಗಳ ತೋಳಿನ ಮೇಲೆ, ಎದೆಯ ಮೇಲೆ ಕಮ್ಯುನಿಸ್ಟ್ ವಿರೋಧಿ ಘೋಷಣೆಗಳ ಹಚ್ಚೆ ಬಿತ್ತು. ಕೆಲವರು ತಾವಾಗಿಯೇ ಹಾಕಿಸಿಕೊಂಡರು, ಕೆಲವರಿಗೆ ಬಲವಂತದಿಂದ ಚುಚ್ಚಲಾಯಿತು. ಚರ್ಮದ ಮೇಲೆ ಅಂಥ ಮಾತು ಹೊತ್ತವನು ಯಾವ ಧೈರ್ಯದಲ್ಲಿ ಚೀನಾಕ್ಕೆ ಮರಳುತ್ತಾನೆ?

ಚೀನಾ ಮತ್ತು ಉತ್ತರ ಕೊರಿಯಾ, ಎಲ್ಲರನ್ನೂ ಕಳಿಸಿ ಎಂದವು. ಅಮೆರಿಕ, ಒಲ್ಲದವರನ್ನು ಬಲವಂತದಿಂದ ಕಳಿಸುವುದಿಲ್ಲ ಎಂದಿತು. 1950ರ ಜೂನ್ 25ರಂದು ಶುರುವಾದ ಯುದ್ಧಕ್ಕೆ 1951ರ ಜುಲೈನಲ್ಲೇ ಸಂಧಾನ ಆರಂಭವಾಗಿತ್ತು. ಈ ಒಂದು ಪ್ರಶ್ನೆಗೆ ಸಿಕ್ಕಿಕೊಂಡು ಮಾತುಕತೆ ಒಂದು ವರ್ಷಕ್ಕೂ ಮೀರಿ ಎಳೆಯಿತು. ಅತ್ತ ಗುಡ್ಡಗಳ ಮೇಲೆ ಜನ ಸಾಯುತ್ತಲೇ ಇದ್ದರು.

1952ರ ನವೆಂಬರ್‌ನಲ್ಲಿ ಭಾರತ ವಿಶ್ವಸಂಸ್ಥೆಯ ಮುಂದೆ ಒಂದು ದಾರಿ ಇಟ್ಟಿತು. ಕೃಷ್ಣ ಮೆನನ್ ಓಡಾಡಿ ಹೊಸೆದ ನಿರ್ಣಯ ಅದು. ಒಲ್ಲದ ಕೈದಿಗಳನ್ನು ತಟಸ್ಥ ದೇಶಗಳ ಆಯೋಗದ ವಶಕ್ಕೆ ಕೊಡುವುದು, ಅವರವರ ದೇಶದವರು ಬಂದು ಅವರಿಗೆ ವಿವರಣೆ ಕೊಡುವುದು, ಆಮೇಲೆ ಕೈದಿಯೇ ತೀರ್ಮಾನಿಸುವುದು. ರಷ್ಯಾ, ಚೀನಾ ಮೊದಲು ಒಪ್ಪಲಿಲ್ಲ. ಮಾರ್ಚ್‌ನಲ್ಲಿ ಸ್ಟಾಲಿನ್ ತೀರಿಕೊಂಡ ಮೇಲೆ ಗಾಳಿ ಬದಲಾಯಿತು. 1953ರ ಜೂನ್ 8ರಂದು ಹೆಚ್ಚುಕಡಿಮೆ ಇದೇ ಮಾದರಿಗೆ ಎರಡೂ ಕಡೆಯವರು ಸಹಿ ಹಾಕಿದರು. ಜುಲೈ 27ಕ್ಕೆ ಕದನವಿರಾಮ. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾ ಮತ್ತು ಭಾರತ ಸೇರಿದ ಆಯೋಗಕ್ಕೆ ಭಾರತವೇ ಅಧ್ಯಕ್ಷ. ಕೈದಿಗಳನ್ನು ಕಾಯಲು ಸೈನ್ಯ ಕಳಿಸುವ ಹೊಣೆಯೂ ಭಾರತದ್ದೇ. ಸ್ವಾತಂತ್ರ್ಯ ಬಂದು ಆರು ವರ್ಷವಷ್ಟೇ ಆಗಿದ್ದ ದೇಶ!

ಅಧ್ಯಕ್ಷ ಸ್ಥಾನಕ್ಕೆ ನೆಹರೂ ಆರಿಸಿದ್ದು ಸೈನಿಕನನ್ನು. ತಿಮ್ಮಯ್ಯ ಆಗ 47ರ ಆಸುಪಾಸಿನಲ್ಲಿದ್ದರು. 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟು, ಕೂನೂರು, ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ಡೆಹ್ರಾಡೂನ್, ಆಮೇಲೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಸೇನೆಗೆ. ಬ್ರಿಟಿಷರ ಸಮವಸ್ತ್ರ ತೊಟ್ಟು ತನ್ನ ಜನರ ನಡುವೆ ನಿಲ್ಲುವ ಮುಜುಗರ ಆ ಕಾಲದ ಅನೇಕ ಭಾರತೀಯ ಅಧಿಕಾರಿಗಳಿಗೆ ಇತ್ತು. ಕೆಲಸ ಬಿಟ್ಟುಬಿಡೋಣವೆಂಬ ಯೋಚನೆ ಬಂದಾಗ ಮೋತಿಲಾಲ್ ನೆಹರೂ ತಮ್ಮನ್ನು ತಡೆದರೆಂದು ತಿಮ್ಮಯ್ಯ ನೆನೆಸಿಕೊಂಡಿದ್ದುಂಟು. ನಾಳೆ ಸ್ವತಂತ್ರವಾಗುವ ದೇಶಕ್ಕೆ ಪಳಗಿದ ಅಧಿಕಾರಿಗಳು ಬೇಕು ಎಂಬುದು ಹಿರಿಯರ ವಾದ. ಬರ್ಮಾದ ಅರಾಕಾನ್ ಕರಾವಳಿಯ ಕಂಗಾವ್‌ನಲ್ಲಿ, 1945ರಲ್ಲಿ, ಅವರ ಪಟಾಲಂ ಜಪಾನಿಯರನ್ನು ಎದುರಿಸಿತು. ಡಿ.ಎಸ್.ಓ. ಪದಕ ಬಂತು. ಆ ಮಹಾಯುದ್ಧದ ರಣರಂಗದಲ್ಲಿ ಒಂದು ಬ್ರಿಗೇಡನ್ನು ನಡೆಸಿದ ಏಕೈಕ ಭಾರತೀಯ ಅವರು. ಸಿಂಗಪುರದಲ್ಲಿ ಜಪಾನ್ ಶರಣಾದಾಗ ಭಾರತದ ಪರವಾಗಿ ನಿಂತವರೂ ಅವರೇ. ಆಮೇಲೆ ಸೋತ ಜಪಾನಿನಲ್ಲಿ ಭಾರತೀಯ ಬ್ರಿಗೇಡಿನ ಮುಖ್ಯಸ್ಥರಾಗಿದ್ದರು. 1948ರಲ್ಲಿ ಕಾಶ್ಮೀರ. ಹನ್ನೊಂದು ಸಾವಿರ ಅಡಿಗೂ ಎತ್ತರದ ಜೋಜಿಲಾಕ್ಕೆ ಸ್ಟುವರ್ಟ್ ಟ್ಯಾಂಕುಗಳನ್ನು ಹತ್ತಿಸಿ ನವೆಂಬರ್ 1ರಂದು ಕಣಿವೆ ಬಿಡಿಸಿಕೊಂಡ ಕಥೆ ಸೈನಿಕರ ಮನೆಮನೆಯಲ್ಲಿ ಗೊತ್ತು.

ಇಲ್ಲಿ ಒಂದು ಮಾತು ಹೇಳಲೇಬೇಕು. ಇದೇ 1953ರಲ್ಲಿ, ಇದೇ ಕೊಡಂದೇರ ಒಕ್ಕದ, ಅಂದರೆ ಮನೆತನದ, ಇನ್ನೊಬ್ಬರು, ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕ ಕೆ.ಎಂ. ಕಾರ್ಯಪ್ಪ, ನಿವೃತ್ತರಾಗಿ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್‌ಗೆ ಭಾರತದ ಹೈಕಮಿಷನರ್ ಆಗಿ ಹೊರಟರು. ಅಲ್ಲಿ 1956ರವರೆಗೆ ಇದ್ದರು. ಪುಟ್ಟ ಕೊಡಗಿನ ಒಂದೇ ಒಕ್ಕದ ಇಬ್ಬರು ಸೇನಾಧಿಕಾರಿಗಳು ಒಂದೇ ವರ್ಷ ದೇಶದ ಪರವಾಗಿ ಹೊರನಾಡಿನಲ್ಲಿ ಮಾತನಾಡಲು ನಿಂತರು. ಕಾರ್ಯಪ್ಪನವರಿಗೆ ರಾಯಭಾರಿಯ ಪದವಿ ಇತ್ತು. ತಿಮ್ಮಯ್ಯನವರು ಸಮವಸ್ತ್ರದಲ್ಲೇ ಆ ಕೆಲಸ ಮಾಡಬೇಕಾಯಿತು. ಪಕ್ಕದಲ್ಲಿ ಬಿ.ಎನ್. ಚಕ್ರವರ್ತಿ, ಪಿ.ಎನ್. ಹಕ್ಸರ್‌ರಂಥ ನುರಿತ ವಿದೇಶಾಂಗ ಅಧಿಕಾರಿಗಳಿದ್ದರು ನಿಜ. ಆದರೆ ಮತ ಹಾಕುವ ಕೈ ಅಧ್ಯಕ್ಷರದ್ದು.

ಅವಮಾನ ಮೊದಲ ದಿನವೇ ಕಾದಿತ್ತು. ಭಾರತೀಯ ಸೈನಿಕರು ತನ್ನ ನೆಲದ ಮೇಲೆ ಕಾಲಿಡಕೂಡದು ಎಂದು ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಹಟ ಹಿಡಿದರು. ಈ ಒಪ್ಪಂದವೇ ಅವರಿಗೆ ಬೇಡವಾಗಿತ್ತು. ಜೂನ್ 18ರಂದು ಅವರ ಕಾವಲುಗಾರರು ಶಿಬಿರಗಳ ಬಾಗಿಲು ತೆಗೆದು 27,000ದಷ್ಟು ಕೊರಿಯನ್ ಕೈದಿಗಳನ್ನು ಹೊರಗೆ ಬಿಟ್ಟಿದ್ದರು. ಹೀಗಾಗಿ ಇಂಚಾನ್ ಬಂದರಿಗೆ ಹಡಗಿನಲ್ಲಿ ಬಂದ ನಮ್ಮ ಸೈನಿಕರನ್ನು ಅಮೆರಿಕನ್ನರು ಹೆಲಿಕಾಪ್ಟರ್‌ಗಳಲ್ಲಿ ಎತ್ತಿ ಸೇನಾರಹಿತ ವಲಯದಲ್ಲಿ ಇಳಿಸಿದರು. ಜಾಟರು, ಡೋಗ್ರಾಗಳು, ಗಢವಾಲಿಗಳು, ರಜಪುತಾನಾ ರೈಫಲ್ಸ್, ಪ್ಯಾರಾ, ಎಲ್ಲರೂ ಹಾಗೆಯೇ ತಂಡತಂಡವಾಗಿ ಆಕಾಶದಿಂದ ಇಳಿದರು. ಅಲ್ಲಿ ಗುಡಾರ ಹೊಡೆದು ತಮ್ಮ ಬಿಡಾರಕ್ಕೆ 'ಹಿಂದ್ ನಗರ' ಎಂದು ಹೆಸರಿಟ್ಟುಕೊಂಡರು. ಈ ಕಾವಲು ಪಡೆಯ ಮುಖ್ಯಸ್ಥ ಮೇಜರ್ ಜನರಲ್ ಎಸ್.ಪಿ.ಪಿ. ಥೋರಾಟ್, ಕಂಗಾವ್‌ನಲ್ಲಿ ತಿಮ್ಮಯ್ಯನವರ ಪಕ್ಕದ ಪಟಾಲಮ್ಮನ್ನು ನಡೆಸಿದ್ದ ಹಳೆಯ ಜೊತೆಗಾರ.

ಸೆಪ್ಟೆಂಬರ್‌ನಲ್ಲಿ ಕೈದಿಗಳು ಬಂದರು. ವಿಶ್ವಸಂಸ್ಥೆಯ ಸೇನೆಯ ಕಡೆಯಿಂದ 22,604 ಜನ: 14,704 ಚೀನೀಯರು, 7,900 ಕೊರಿಯನ್ನರು. ಉತ್ತರದ ಕಡೆಯಿಂದ ಬರೀ 359. ಅವರಲ್ಲಿ 23 ಅಮೆರಿಕನ್ನರು, ಒಬ್ಬ ಬ್ರಿಟಿಷ್ ಸೈನಿಕ, ಉಳಿದವರು ದಕ್ಷಿಣ ಕೊರಿಯನ್ನರು. ದಕ್ಷಿಣದಿಂದ ಬಂದ ಕೈದಿಗಳು ಬಾವುಟ ಹಿಡಿದು, ಘೋಷಣೆ ಕೂಗುತ್ತಾ, ನಮ್ಮವರನ್ನು ಬೈಯುತ್ತಲೇ ಒಳಗೆ ಬಂದರು. ಭಾರತೀಯರು ಕಮ್ಯುನಿಸ್ಟರ ಬಂಟರು ಎಂದು ಅವರ ಕಿವಿ ಊದಿಯಾಗಿತ್ತು.

ಸೆಪ್ಟೆಂಬರ್ 25ರಂದು ಒಬ್ಬ ಚೀನೀ ಕೈದಿ ಬೇಲಿ ದಾಟಿ ಬಂದು, ನನ್ನನ್ನು ಚೀನಾಕ್ಕೆ ಕಳಿಸಿ ಎಂದ. ಒಳಗಿದ್ದವರು ರೊಚ್ಚಿಗೆದ್ದರು. ಅವನನ್ನು ನಮಗೆ ಒಪ್ಪಿಸಿ ಎಂದು ಗಲಾಟೆ ಎಬ್ಬಿಸಿ ಮೇಜರ್ ಗ್ರೆವಾಲ್ ಎಂಬ ಭಾರತೀಯ ಅಧಿಕಾರಿಯನ್ನು ಒಳಕ್ಕೆ ಎಳೆದುಕೊಂಡರು. ಗುಂಡು ಹಾರಿಸಿದರೆ ಗ್ರೆವಾಲ್ ಉಳಿಯುವುದಿಲ್ಲ, ಕೈಕಟ್ಟಿ ನಿಂತರೆ ನಾಳೆಯಿಂದ ಶಿಬಿರ ಕೈಯಲ್ಲಿ ಉಳಿಯುವುದಿಲ್ಲ. ಥೋರಾಟ್ ಬೆರಳೆಣಿಕೆಯ ಜನರನ್ನು ಕರೆದುಕೊಂಡು ನೇರವಾಗಿ ಆ ಗುಂಪಿನ ನಡುವೆ ನಡೆದುಹೋದರು, ಮಾತನಾಡಿದರು, ಗ್ರೆವಾಲ್‌ರನ್ನು ಬಿಡಿಸಿಕೊಂಡು ಹೊರಬಂದರು. ಎಲ್ಲ ದಿನವೂ ಹೀಗೆ ಸುಖವಾಗಿ ಮುಗಿಯಲಿಲ್ಲ. ಅಕ್ಟೋಬರ್ ಮೊದಲೆರಡು ದಿನ ಕೈದಿಗಳು ಕಾವಲಿನ ಮೇಲೆ ಏರಿ ಬಂದಾಗ ನಮ್ಮವರು ಗುಂಡು ಹಾರಿಸಬೇಕಾಯಿತು, ಸಾವುಗಳಾದವು. ದಕ್ಷಿಣ ಕೊರಿಯಾ ಸರ್ಕಾರ ಭಾರತೀಯರ ಮೇಲೆ ಸೈನ್ಯ ನುಗ್ಗಿಸುವ ಬೆದರಿಕೆ ಹಾಕಿತು.

ಇಂಥ ಹೊತ್ತಿನಲ್ಲಿ ತಿಮ್ಮಯ್ಯನವರ ಮುಂದೆ ನಿಜವಾದ ಪ್ರಶ್ನೆ ಬಂತು. ವಿವರಣೆ ಕೇಳಲು ಬರುವುದೇ ಇಲ್ಲ ಎಂದು ಕೈದಿಗಳು ಕೂತುಬಿಟ್ಟರೆ ಏನು ಮಾಡಬೇಕು? ವಿವರಣೆ ಕೊಡುವ ಹಕ್ಕು ಅವರವರ ದೇಶಕ್ಕೆ ಇದೆ ಎಂದು ಒಪ್ಪಂದದಲ್ಲಿತ್ತು. ವಾಪಸಾತಿಯ ವಿಷಯದಲ್ಲಿ ಕೈದಿಗಳ ಮೇಲೆ ಬಲಪ್ರಯೋಗವಾಗಲಿ, ಅದರ ಬೆದರಿಕೆಯಾಗಲಿ ಕೂಡದು ಎಂದೂ ಅದೇ ಒಪ್ಪಂದದಲ್ಲಿತ್ತು. ಪೋಲೆಂಡ್, ಚೆಕೊಸ್ಲೊವಾಕಿಯಾ ಹೇಳಿದವು: ಎಳೆದು ತನ್ನಿ. ಸ್ವಿಟ್ಜರ್ಲೆಂಡ್, ಸ್ವೀಡನ್ ಹೇಳಿದವು: ಕೈ ಮಾಡಕೂಡದು. ಕೈ ಮಾಡಿದರೆ ಆಯೋಗ ಬಿಟ್ಟು ಹೋಗುತ್ತೇವೆ ಎಂದು ಸ್ವಿಸ್ಸರು ಸ್ಪಷ್ಟವಾಗಿ ಹೇಳಿದರು. ಎರಡು ಇತ್ತ, ಎರಡು ಅತ್ತ. ಐದನೆಯ ಮತ ಭಾರತದ್ದು.

ತಟಸ್ಥ ಎಂಬ ಪದದ ಭಾರ ನಮಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ದಡದಲ್ಲಿ ನಿಂತವನು ಎಂಬುದು ಅದರ ಮೂಲ ಅರ್ಥ. ತಿಮ್ಮಯ್ಯನವರಿಗೆ ದಡ ಸಿಗಲೇ ಇಲ್ಲ. ಅವರು ಸುಮ್ಮನೆ ಕೂತರೂ ಅದು ಒಂದು ಕಡೆಗೆ ಬಿದ್ದ ಮತವಾಗುತ್ತಿತ್ತು. ಸಾವಿರಾರು ಜನರಿರುವ ಶಿಬಿರಕ್ಕೆ ಸೈನಿಕರನ್ನು ನುಗ್ಗಿಸಿದರೆ ಎಷ್ಟು ಹೆಣ ಬೀಳುತ್ತವೆ ಎಂಬುದು ರಣರಂಗ ಕಂಡ ಅವರಿಗೆ ಬೇರೆ ಯಾರಿಗಿಂತ ಚೆನ್ನಾಗಿ ತಿಳಿದಿತ್ತು. ಬಲವಂತ ಇಲ್ಲ ಎಂದು ಅವರು ನಿರ್ಧರಿಸಿದರು. ದೆಹಲಿಯೂ ಬೆನ್ನಿಗೆ ನಿಂತಿತು.

ಆ ನಿರ್ಧಾರಕ್ಕೆ ತೆತ್ತ ಬೆಲೆ ಸಣ್ಣದಲ್ಲ. ಗುಡಾರಗಳ ಜಾಗದ ತಕರಾರು, ಕೈದಿಗಳ ಬಹಿಷ್ಕಾರ, ಒಬ್ಬೊಬ್ಬನನ್ನೇ ಗಂಟೆಗಟ್ಟಲೆ ಕೂರಿಸಿಕೊಳ್ಳುವ ಚೀನೀಯರ ಪಟ್ಟು, ಇವೆಲ್ಲ ಸೇರಿ 90 ದಿನಗಳ ಅವಧಿಯಲ್ಲಿ ವಿವರಣೆ ನಡೆದದ್ದು ಹತ್ತು ದಿನ ಮಾತ್ರ. ಬಹುಪಾಲು ಕೈದಿಗಳು ಆ ಎರಡು ಬಾಗಿಲುಗಳನ್ನು ಕಣ್ಣಲ್ಲೂ ಕಾಣಲಿಲ್ಲ. ಶಿಬಿರದೊಳಗೆ ನಾಯಕರದ್ದೇ ರಾಜ್ಯ. ಊರಿಗೆ ಹೋಗುತ್ತೇನೆಂದು ಬಾಯಿಬಿಟ್ಟವನಿಗೆ ಹೊಡೆತ, ಕೊಲೆಗಳೂ ನಡೆದವು. ರಾತ್ರಿ ಕತ್ತಲಲ್ಲಿ ಜೀವ ಕೈಯಲ್ಲಿ ಹಿಡಿದು ಬೇಲಿಯ ಹತ್ತಿರ ಬಂದು ನಮ್ಮ ಕಾವಲುಗಾರನ ಕೈಗೆ ಬಿದ್ದವನೇ ಬಚಾವ್. ಡಿಸೆಂಬರ್ ಕೊನೆಯ ವರದಿಯಲ್ಲಿ ತಿಮ್ಮಯ್ಯ ಇದನ್ನು ಮುಚ್ಚಿಡಲಿಲ್ಲ. ಕೈದಿಗಳು ಮುಕ್ತವಾಗಿ ತೀರ್ಮಾನಿಸುವ ಸ್ಥಿತಿಯಲ್ಲಿ ಇರಲಿಲ್ಲ ಎಂದು ಪೋಲೆಂಡ್, ಚೆಕೊಸ್ಲೊವಾಕಿಯಾಗಳ ಜೊತೆ ಸೇರಿ ಬರೆದರು. ಸ್ವಿಸ್ಸರು, ಸ್ವೀಡಿಷರು ಬೇರೆ ವರದಿ ಕೊಟ್ಟರು. ಬಲಪ್ರಯೋಗದ ಪ್ರಶ್ನೆಯಲ್ಲಿ ಒಂದು ಕಡೆ, ಸತ್ಯ ಬರೆಯುವ ಪ್ರಶ್ನೆಯಲ್ಲಿ ಇನ್ನೊಂದು ಕಡೆ. ಇದನ್ನು ಹೊಯ್ದಾಟ ಎಂದವರಿದ್ದಾರೆ. ನಾನು ಒಪ್ಪುವುದಿಲ್ಲ. ಎರಡು ಸಲವೂ ಅವರು ನೋಡಿದ್ದು ಎದುರಿಗಿದ್ದ ಸಂಗತಿಯನ್ನು, ಅದು ಯಾರಿಗೆ ಲಾಭ ಎಂಬುದನ್ನಲ್ಲ.

ಕೊನೆಯ ಗಂಟು ಜನವರಿಯದು. 1954ರ ಜನವರಿ 23ಕ್ಕೆ ಒಪ್ಪಂದದ 120 ದಿನ ಮುಗಿಯುತ್ತಿತ್ತು. ಅಷ್ಟರೊಳಗೆ ರಾಜಕೀಯ ಸಮ್ಮೇಳನ ಸೇರಿ ಕೈದಿಗಳ ಭವಿಷ್ಯ ನಿರ್ಧರಿಸಬೇಕಿತ್ತು, ಅದು ಸೇರಲೇ ಇಲ್ಲ. ಇನ್ನೂ ಇಟ್ಟುಕೊಳ್ಳಿ, ವಿವರಣೆ ಮುಂದುವರಿಯಲಿ ಎಂದು ಚೀನಾ ಕೂಗಿತು. ಬಿಟ್ಟುಬಿಡಿ, ಅವರೀಗ ನಾಗರಿಕರು ಎಂದು ಅಮೆರಿಕನ್ ಸೇನಾಪತಿಗಳು ಒತ್ತಾಯಿಸಿದರು. ತಿಮ್ಮಯ್ಯ ಎರಡನ್ನೂ ಮಾಡಲಿಲ್ಲ. ಇಟ್ಟುಕೊಳ್ಳುವ ಅಧಿಕಾರ ಆಯೋಗಕ್ಕೆ ಮುಗಿಯಿತು, ಬಿಡುಗಡೆ ಮಾಡುವ ಅಧಿಕಾರ ಇರಲೇ ಇಲ್ಲ. ಹಾಗಾಗಿ ಯಾರು ಒಪ್ಪಿಸಿದ್ದರೋ ಅವರಿಗೇ ವಾಪಸು ಎಂದರು. ಜನವರಿ 20ರಂದು ಶಿಬಿರದ ಬಾಗಿಲು ತೆರೆಯಿತು. 21,839 ಜನ ಸಾಲುಸಾಲಾಗಿ ದಕ್ಷಿಣಕ್ಕೆ ನಡೆದರು. ಚೀನೀಯರು ಇಂಚಾನ್‌ನಿಂದ ಹಡಗು ಹತ್ತಿ ತೈವಾನಿಗೆ ಹೋದರು. ಚೀನಾಕ್ಕೆ ಮರಳಿದವರು 440, ಉತ್ತರ ಕೊರಿಯಾಕ್ಕೆ 188. ಉತ್ತರದಿಂದ ಬಂದ 23 ಅಮೆರಿಕನ್ನರಲ್ಲಿ ಇಬ್ಬರು ಮನಸ್ಸು ಬದಲಿಸಿ ಸ್ವದೇಶಕ್ಕೆ ಹೋದರು, 21 ಜನ ಚೀನಾ ಸೇರಿದರು.

ಇನ್ನು ಕೆಲವರಿಗೆ ಎರಡು ಬಾಗಿಲೂ ಬೇಡವಾಗಿತ್ತು. ಚೀನೀಯರು, ಕೊರಿಯನ್ನರು ಸೇರಿ 88 ಜನ, ನಮಗೆ ಆ ಕಡೆಯೂ ಬೇಡ, ಈ ಕಡೆಯೂ ಬೇಡ, ಯಾವುದಾದರೂ ತಟಸ್ಥ ದೇಶಕ್ಕೆ ಕಳಿಸಿ ಎಂದು ಕೇಳಿಕೊಂಡರು. ಭಾರತೀಯ ಸೈನಿಕರು ಹಡಗಿನಲ್ಲಿ ಮರಳುವಾಗ ಅವರನ್ನೂ ಜೊತೆಗೆ ಕರೆತಂದರು. ಅವರಲ್ಲಿ ಹೆಚ್ಚಿನವರು ಮುಂದೆ ಬ್ರೆಜಿಲ್, ಅರ್ಜೆಂಟೀನಾಗಳಿಗೆ ಹೋಗಿ ನೆಲೆಸಿದರು, ಕೆಲವರು ಇಲ್ಲೇ ಉಳಿದರು. ಕೊರಿಯಾದ ಲೇಖಕ ಚೋಯ್ ಇನ್-ಹುನ್ 1960ರಲ್ಲಿ ಬರೆದ 'ಗ್ವಾಂಗ್‌ಜಾಂಗ್' ಕಾದಂಬರಿಯ ನಾಯಕ ಇಂಥವನೇ. ತಟಸ್ಥ ದೇಶಕ್ಕೆ ಹೊರಟ ಅವನ ಹಡಗಿನ ಹೆಸರು 'ಟಾಗೋರ್'. ಕೊರಿಯನ್ನರು ಇಂದಿಗೂ ಶ್ರದ್ಧೆಯಿಂದ ಓದುವ ಪುಸ್ತಕ ಅದು. ನಮ್ಮ ಸೈನಿಕರು ಕಾದ ಆ ಮುಳ್ಳುತಂತಿ ಅವರ ಸಾಹಿತ್ಯದಲ್ಲಿ ಉಳಿದಿದೆ, ನಮ್ಮದರಲ್ಲಿ ಉಳಿದಿಲ್ಲ. ಇದು ನನಗೆ ನೋವಿನ ವಿಷಯ.

ಕೊರಿಯಾದಿಂದ ಮರಳಿದ 1954ರಲ್ಲೇ ತಿಮ್ಮಯ್ಯನವರಿಗೆ ಪದ್ಮಭೂಷಣ ಬಂತು. 1957ರ ಮೇ ತಿಂಗಳಲ್ಲಿ ತಿಮ್ಮಯ್ಯ ಭೂಸೇನೆಯ ಮುಖ್ಯಸ್ಥರಾದರು. 1959ರಲ್ಲಿ ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಹೊಂದಲಾಗದೆ ರಾಜೀನಾಮೆ ಕೊಟ್ಟು, ನೆಹರೂ ಮಾತಿಗೆ ಹಿಂದಕ್ಕೆ ಪಡೆದರು. ಕೊರಿಯಾಕ್ಕೆ ದಾರಿ ಹೊಸೆದ ಮೆನನ್ ಮತ್ತು ಆ ದಾರಿಯಲ್ಲಿ ನಡೆದು ತೋರಿಸಿದ ತಿಮ್ಮಯ್ಯ ದೆಹಲಿಯಲ್ಲಿ ಒಟ್ಟಿಗೆ ಕೆಲಸ ಮಾಡಲಾಗದೆ ಹೋದದ್ದು ದೇಶದ ದುರದೃಷ್ಟ. ಆ ಕಥೆಯನ್ನು ಬರೆದವರು ಬಹಳ ಜನ. 1961ರ ಮೇ ತಿಂಗಳಲ್ಲಿ ಅವರು ನಿವೃತ್ತರಾದರು. ಮುಂದಿನ ವರ್ಷ ಚೀನಾ ಯುದ್ಧ ಬಂದಾಗ ಅವರು ಅಧಿಕಾರದಲ್ಲಿರಲಿಲ್ಲ.

ಕರೆ ಮತ್ತೆ ಬಂದದ್ದು ಹೊರಗಿನಿಂದ. ಸೈಪ್ರಸ್ ದ್ವೀಪದಲ್ಲಿ ಗ್ರೀಕರು, ತುರ್ಕರು ಒಂದೇ ಊರಿನಲ್ಲಿ ಬೀದಿಗೆ ಅಡ್ಡ ತಡೆಗೋಡೆ ಎಬ್ಬಿಸಿ ಕಾದಾಡುತ್ತಿದ್ದರು. 1964ರ ಮಾರ್ಚ್‌ನಲ್ಲಿ ವಿಶ್ವಸಂಸ್ಥೆ ಅಲ್ಲಿಗೆ ಶಾಂತಿಪಾಲನಾ ಪಡೆ ಕಳಿಸಲು ತೀರ್ಮಾನಿಸಿತು. ಅದರ ಮೊದಲ ದಂಡನಾಯಕ ಭಾರತದ ಜನರಲ್ ಪಿ.ಎಸ್. ಗ್ಯಾನಿ. ಜುಲೈನಲ್ಲಿ ಆ ಜಾಗಕ್ಕೆ ತಿಮ್ಮಯ್ಯ ಬಂದರು. ಈ ಸಲ ಕೈಕೆಳಗೆ ಭಾರತೀಯ ಸೈನಿಕರಿಲ್ಲ. ಕೆನಡಾ, ಬ್ರಿಟನ್, ಐರ್ಲೆಂಡ್, ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್‌ಗಳ ನೀಲಿ ಟೋಪಿಯವರು. ಒಂದು ತಿಂಗಳು ಕಳೆಯುವಷ್ಟರಲ್ಲಿ, ಆಗಸ್ಟ್‌ನಲ್ಲಿ, ದ್ವೀಪದ ವಾಯುವ್ಯ ಕರಾವಳಿಯಲ್ಲಿ ದೊಡ್ಡ ಕಾದಾಟ ಎದ್ದು ತುರ್ಕಿಯ ವಿಮಾನಗಳು ಬಾಂಬು ಹಾಕಿದವು. ಅದನ್ನು ತಡೆಯುವ ಶಸ್ತ್ರ ಆ ಪಡೆಗೆ ಇರಲಿಲ್ಲ. ಆತ್ಮರಕ್ಷಣೆಗಲ್ಲದೆ ಗುಂಡು ಹಾರಿಸುವ ಅಧಿಕಾರವೂ ಇರಲಿಲ್ಲ. ಕೊರಿಯಾದ ಪಾಠವೇ ಇಲ್ಲಿಯೂ ಕೆಲಸಕ್ಕೆ ಬಂತು: ಇಬ್ಬರ ನಡುವೆ ಹೋಗಿ ನಿಲ್ಲುವುದು, ಇತ್ತ ಆರ್ಚ್‌ಬಿಷಪ್ ಮಕಾರಿಯೋಸರ ಸರ್ಕಾರ, ಅತ್ತ ತುರ್ಕ ಮುಖಂಡರು, ಇಬ್ಬರೊಂದಿಗೂ ಮಾತು ಕಡಿಯದಂತೆ ನೋಡಿಕೊಳ್ಳುವುದು.

ಒಂದೂವರೆ ವರ್ಷ ಹೀಗೆ ನಡೆಯಿತು. 1965ರ ಡಿಸೆಂಬರ್ 18ರಂದು ನಿಕೋಸಿಯಾದಲ್ಲಿ ಹೃದಯಾಘಾತ. ಕೆಲಸದ ಮೇಲಿದ್ದಾಗಲೇ ತಿಮ್ಮಯ್ಯ ಹೋಗಿಬಿಟ್ಟರು. ವಯಸ್ಸು 59. ಮರುವರ್ಷ ಸೈಪ್ರಸ್ ಸರ್ಕಾರ ಅವರ ಚಿತ್ರವಿರುವ ಅಂಚೆಚೀಟಿ ಹೊರಡಿಸಿತು. ತನ್ನ ನೆಲಕ್ಕೆ ಬಂದ ಹೊರಗಿನ ಸೇನಾಧಿಕಾರಿಗೆ ಒಂದು ದೇಶ ಕೊಡುವ ಗೌರವ ಅದು. ಲಾರ್ನಕಾ ಊರಿನಲ್ಲಿ ಅವರ ಹೆಸರಿನ ರಸ್ತೆಯೂ ಇದೆ.

ಮಡಿಕೇರಿಯಲ್ಲಿ ಅವರು ಹುಟ್ಟಿ ಬೆಳೆದ 'ಸನ್ನಿ ಸೈಡ್' ಮನೆಯಲ್ಲಿ ಬಹಳ ಕಾಲ ಆರ್‌ಟಿಓ ಕಚೇರಿ ನಡೆಯಿತು. ಕೊಡಗಿನ ಜನ ಪಟ್ಟು ಬಿಡದೆ ಕೇಳಿದ್ದರಿಂದ ಅದು ವಸ್ತುಸಂಗ್ರಹಾಲಯವಾಯಿತು, 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದರು ಉದ್ಘಾಟಿಸಿದರು. ಮಡಿಕೇರಿಗೆ ಹೋದವರು ರಾಜಾಸೀಟಿಗೆ ಹೋಗುವ ಮುಂಚೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಅಲ್ಲಿಗೆ ಹೋಗಿಬನ್ನಿ. ಮಕ್ಕಳನ್ನೂ ಕರೆದುಕೊಂಡು ಹೋಗಿ. ಬಂದೂಕು, ಟ್ಯಾಂಕು ಅವರೇ ಹುಡುಕಿ ನೋಡುತ್ತಾರೆ. ನೀವು ಅವರಿಗೆ ಕೊರಿಯಾದ ಆ ಗುಡಾರದ ಕಥೆ ಹೇಳಿ.